ಸೀಳಿನೊಳಗಿನ ಹಳದಿ

ತಮ್ಮಾ,

ಗೆದ್ದೆವು ಕಣೋ. ನೀನು ಏಣಿಯಿಂದ ಬಿದ್ದಿದ್ದು ನಿನ್ನ ತಪ್ಪಲ್ಲ, ಏಣಿ ಮಾಡಿದ ಕಂಪನಿಯದೇ ತಪ್ಪು ಅಂತ ಇವತ್ತು ಕೋರ್ಟು ಹೇಳಿತು. ನಿನ್ನ ಕಾಲಿನ ಆಪರೇಷನ್ ಖರ್ಚು ಅವರೇ ಕೊಡಬೇಕು.

ಅವರ ವಕೀಲ ಮಹಾ ಬಾಯಿಬಡುಕ. "ಒದ್ದೆ ಕಾಲಲ್ಲಿ ಹತ್ತಿ ಜಾರಿದ್ದಾನೆ, ಬಿದ್ದ ಏಟಿಗೆ ಮೆಟ್ಟಿಲು ಸೀಳಿದೆ" ಅಂದ. ನಾನು ಮುರಿದ ಮೆಟ್ಟಿಲನ್ನು ಜಡ್ಜಮ್ಮನ ಮುಂದಿಟ್ಟೆ. "ಸೀಳಿನ ಒಳಗೆ ನೋಡಿ ತಾಯಿ, ಕಂಪನಿಯ ಹಳದಿ ಬಣ್ಣ ಇಳಿದು ಒಣಗಿದೆ. ಸೀಳಿದ ಮರಕ್ಕೇ ಬಣ್ಣ ಬಳಿದು ಮಾರಿದ್ದಾರೆ. ನಲವತ್ತು ವರ್ಷ ಗೋಡೆಗೆ ಬಣ್ಣ ಹೊಡೆದವನಿಗೆ ಸೀಳು ಮೊದಲೋ ಬಣ್ಣ ಮೊದಲೋ ಗೊತ್ತಾಗಲ್ವಾ?" ಅಂದೆ. ಜಡ್ಜಮ್ಮ ಕನ್ನಡಕ ಏರಿಸಿ ಸೀಳಿನೊಳಗೆ ಇಣುಕಿ ನೋಡಿದರು.

ನೀನು ಬಿದ್ದ ದಿನ ಕೆಲಸದವರೆಲ್ಲರ ಎದುರು ನಿನ್ನನ್ನು ಕುರುಡ ಅಂತ ಬೈದಿದ್ದೆ. ಇವತ್ತು ಅವರನ್ನೇ ಸಾಲಾಗಿ ನಿಲ್ಲಿಸಿ ತೀರ್ಪನ್ನು ಎರಡು ಸಲ ಓದಿಸಿದೆ. ಆ ಏಣಿಯ ಹೊಳಪಿಗೆ ಮರುಳಾಗಿ ಕೊಂಡು ತಂದವನು ನಾನು ಅಂತಲೂ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಒದೆ ತಿನ್ನುತ್ತಿದ್ದರು.

ಅಕ್ಕನ ಮನೆಯಲ್ಲಿ ಕಾಲು ಚಾಚಿ ಕೂತಿದ್ದು ಸಾಕು, ಡಾಕ್ಟರನ್ನು ಕೇಳಿಕೊಂಡು ಬಾ. ಹೊಸ ಏಣಿ ತಂದಿದ್ದೇನೆ, ಬಣ್ಣವಿಲ್ಲದ ಬರೀ ಮರ. ಒಂದೊಂದು ಮೆಟ್ಟಿಲ ಮೇಲೂ ನಾನೇ ನಿಂತು ಕುಣಿದು ನೋಡಿದ್ದೇನೆ.

ನಿನ್ನ ಸಿಡುಕ ಅಣ್ಣ