ಮಡಿವಾಳ ಹಕ್ಕಿಯ ಅರ್ಧ ಹಾಡು

ಇಸವಿ ಎರಡು ಸಾವಿರದ ನೂರ ಎಪ್ಪತ್ತೊಂದು, ಎರಡನೇ ಬೇಸಿಗೆ, ಸೋಮವಾರ
ಕೆಂಚನಗುಡ್ಡದ ನೆತ್ತಿ

ನನ್ನ ಮುತ್ತಜ್ಜಿಯ ಅಜ್ಜಿಗೂ ಆಕೆಯ ಓರಗೆಯವರಿಗೂ,

ನಿಮಗೆ ಶರಣು ಎನ್ನಬೇಕೋ ಆಶೀರ್ವಾದ ಎನ್ನಬೇಕೋ ತಿಳಿಯದು. ನೀವು ನನ್ನ ಹಿರಿಯರು. ಆದರೆ ಇದನ್ನು ಓದುವಾಗ ನಿಮಗಿನ್ನೂ ಹರೆಯ, ನನಗೆ ಬಾಯಲ್ಲಿ ಹಲ್ಲಿಲ್ಲ. ಓದಿದ್ದು ಮೂರನೇ ಕ್ಲಾಸು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಒರಟೆನಿಸಿದರೆ ಸಹಿಸಿಕೊಳ್ಳಿ.

ಎರಡನೇ ಬೇಸಿಗೆ ಎಂದರೆ ನಿಮ್ಮ ಕಾಲದ ಚಳಿಗಾಲ. ನಾವು ಆಗಲೂ ಬೆವರುತ್ತೇವೆ. ಚಳಿ ಹೋದದ್ದೇ ತಡ, ಸೊಳ್ಳೆ ಗುಡ್ಡ ಹತ್ತಿತು. ಅದರ ಬಾಯಲ್ಲಿ ನೆತ್ತರಗಳ್ಳನೂ ಹತ್ತಿದ. ಹಕ್ಕಿಯ ರಕ್ತದೊಳಗೆ ಮನೆ ಮಾಡಿ, ಕಣ್ಣಿಗೆ ಕಾಣದೆ ಅದನ್ನೇ ತಿನ್ನುವ ಹುಳುವಿಗೆ ನಾವಿಟ್ಟ ಹೆಸರು ಅದು. ಮನುಷ್ಯರಿಗೆ ಅದು ಏನೂ ಮಾಡುವುದಿಲ್ಲ. ಅದಕ್ಕೇ ನೀವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲವೆಂದು ಕಾಣುತ್ತದೆ.

ಇಲ್ಲಿ ಪರದೆಮನೆ ಇದೆ, ಸೊಳ್ಳೆ ನುಸುಳದಂತೆ ಬಲೆ ಕಟ್ಟಿದ ದೊಡ್ಡ ಗೂಡು. ನನ್ನ ಮೊಮ್ಮಗಳು ದೇವೀರಿ ಅದರ ಕಾವಲಿನವಳು. ಹಕ್ಕಿಯ ರೆಕ್ಕೆಯಡಿ ಸೂಜಿ ಮುಟ್ಟಿಸಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ನೋಡುತ್ತಾಳೆ. ನಮ್ಮಲ್ಲಿ ಉಳಿದಿರುವುದು ಒಂದು ಗಂಡು, ಒಂದು ಹೆಣ್ಣು ಮಡಿವಾಳ ಹಕ್ಕಿ. ಮೊಟ್ಟೆಗೆ ನಾವೇ ಕಾವು ಕೊಟ್ಟು ಬೆಳೆಸಿದವು. ಗಂಡಿಗೆ ಹಾಡು ಹೇಳಿಕೊಡಲು ಅಪ್ಪನಿಲ್ಲ. ಕೇಳಿ ಕಲಿಯದಿದ್ದರೆ ಅದಕ್ಕೆ ಹಾಡು ಬಾರದು, ಹಾಡು ಬಾರದ ಗಂಡಿನೊಡನೆ ಹೆಣ್ಣು ಗೂಡು ಕಟ್ಟದು. ಫೋನಿನಲ್ಲಿ ತುಂಬಿಸಿಟ್ಟಿದ್ದೇವಲ್ಲ ಎನ್ನಬೇಡಿ. ನಿಮ್ಮ ಫೋನುಗಳು ಇಲ್ಲಿ ಮೆಣಸು ಅರೆಯಲಿಕ್ಕೂ ಬರುವುದಿಲ್ಲ.

ಈ ಗುಡ್ಡದಲ್ಲಿ ಆ ಹಾಡು ಕೇಳಿದವಳು ನಾನೊಬ್ಬಳೇ. ಮಗುವಾಗಿದ್ದಾಗ ಹಿತ್ತಿಲ ಕಂಬದ ಮೇಲೆ ಕೂತು ಒಂದು ಹಕ್ಕಿ ಮುಂಜಾನೆ ಹಾಡುತ್ತಿತ್ತು. ಅದನ್ನೇ ಬೊಚ್ಚುಬಾಯಲ್ಲಿ ಸಿಳ್ಳೆ ಹಾಕಿ ಕಲಿಸಿದೆ. ಮರಿ ಕಲಿಯಿತು. "ಅಜ್ಜೀ, ನಿನ್ನ ಕೆಮ್ಮನ್ನೂ ಕಲ್ತ್‌ಬುಟ್ಟದೆ, ಇನ್ನು ಎಲೆ ಅಡಿಕೆನೂ ಕೇಳ್ತದೆ ನೋಡು" ಎಂದು ದೇವೀರಿ ನಕ್ಕಳು. ಅವಳು ನಕ್ಕದ್ದು ಅದೇ ಕೊನೆ. ಹೆಣ್ಣು ಪಕ್ಕದ ಕಡ್ಡಿಗೆ ಬಂದು ಕೂತು, ತಲೆ ಓರೆ ಮಾಡಿ ಕೇಳಿ, ಹಾಡು ನಿಂತ ಮೇಲೂ ಕಾಯುತ್ತದೆ. ಆಮೇಲೆ ಹಾರಿಹೋಗುತ್ತದೆ. ದಿನವೂ ಹೀಗೇ.

ಯಾಕೆಂದು ಮೊನ್ನೆ ದೇವೀರಿ ಹೇಳಿದಳು. ನೆತ್ತರಗಳ್ಳ ಹೊಕ್ಕ ಹಕ್ಕಿಗೆ ಉಸಿರು ಸಾಲದಂತೆ. ನನ್ನ ಕಂಬದ ಹಕ್ಕಿ ಪ್ರತಿಸಲ ಒಂದೇ ಜಾಗದಲ್ಲಿ ನಿಲ್ಲಿಸುತ್ತಿತ್ತು. ಹಾಡು ಅಷ್ಟೇ ಎಂದುಕೊಂಡೇ ನಾನು ಮುದುಕಿಯಾದೆ. ಮುಗಿಯುತ್ತಿದ್ದದ್ದು ಅದರ ಉಸಿರು. ಹಾಡು ಇನ್ನೂ ಇತ್ತು.

ಹಾಗಾಗಿ ಕೇಳುತ್ತೇನೆ. ಹಕ್ಕಿಗೆಂದು ನೀವು ಮಾಳಿಗೆಯ ಮೇಲೆ ನೀರಿಡುತ್ತೀರಂತೆ. ಇಡಿ, ಪುಣ್ಯ ಬರಲಿ. ಆದರೆ ವಾರಗಟ್ಟಲೆ ಬಿಟ್ಟು ಅದರಲ್ಲಿ ಸೊಳ್ಳೆ ಸಾಕಬೇಡಿ. ದಿನಾ ಚೆಲ್ಲಿ, ತಿಕ್ಕಿ, ಹೊಸ ನೀರು ಹಾಕಿ. ಇನ್ನೊಂದು ಮಾತು. ನಿಮ್ಮ ತಂತಿಯ ಮೇಲೆ ಕಪ್ಪುಬಿಳುಪಿನ ಆ ಹಕ್ಕಿ ಬಂದು ಕೂತರೆ, ಹಲ್ಲುಜ್ಜುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿ. ಸಿಳ್ಳೆ ಹಾಕಿ ಮಗುವಿಗೆ ಕಲಿಸಿ; ಅದು ತನ್ನ ಮಗುವಿಗೆ ಕಲಿಸಲಿ. ಬಾಯಿಂದ ಬಾಯಿಗೆ ಇಳಿದು ಬಂದರೆ, ನನ್ನ ಅಜ್ಜಿಯ ತೊಡೆಯ ಮೇಲೆ ನನಗೂ ಸಿಕ್ಕೀತು.

ತಡ ಮಾಡಬೇಡಿ. ಬಲೆಯಲ್ಲಿ ಎಲ್ಲೋ ಕಿಂಡಿಯಾಗಿರಬೇಕು, ನಿನ್ನೆ ಹೆಣ್ಣಿನ ರಕ್ತದಲ್ಲಿ ಕಳ್ಳ ಕಂಡಿದ್ದಾನೆ. ದೇವೀರಿ ತೊಳೆದ ಗಾಜನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ನಾಳೆ ಬೆಳಕು ಹರಿಯುವಾಗ ಬಲೆಯ ಮುಂದೆ ಕೂರುತ್ತೇನೆ. ಗಂಡು ನನ್ನ ಅರ್ಧ ಹಾಡಿ, ನನ್ನಂತೆ ಕೆಮ್ಮಿ, ನಿಲ್ಲಿಸುತ್ತದೆ. ಹೆಣ್ಣು ಕಾಯುತ್ತದೆ. ನಾನೂ ತುಟಿ ಮುಂದಿಟ್ಟುಕೊಂಡು ಕಾಯುತ್ತೇನೆ. ಇನ್ನರ್ಧ ನನ್ನ ಬಾಯಿಗೆ ತಾನಾಗಿ ಬಂದರೆ, ನೀವು ಕೇಳಿಸಿಕೊಂಡಿರೆಂದು ತಿಳಿಯುತ್ತೇನೆ.

ನಿಮ್ಮ ಕುಲದ ಮುದುಕಿ,
ಕಾಳಾಜಮ್ಮ