ಅರ್ಧ ಸ್ವರ ಕೆಳಗೆ

೩ ಫೆಬ್ರುವರಿ, ಶನಿವಾರ

...‘ಹಳೇ ಗಿಟಾರ್ ಕೊಳ್ಳೋದಾದ್ರೆ ಕತ್ತು ಬಿಚ್ಚಿ ನೋಡು, ಆದ್ರೆ ಅದಕ್ಕೂ ಮೊದ್ಲು—’ ಏನೋ ಅಂದಿದ್ದ ಅಮೀರ್ ಜಾನ್. ಉಳಿದರ್ಧ ನೆನಪಿಲ್ಲ.

ಈಗ ಅವನದೇ ಎಲೆಕ್ಟ್ರಿಕ್ ಗಿಟಾರ್ ಮಾರಾಟಕ್ಕಿದೆ. ಅವನು ತೀರಿಹೋಗಿ ಎರಡು ತಿಂಗಳು. ಹರಿಹರದಿಂದ ಅವನ ಹೆಂಡತಿ ಮೆಹರ್ ಬಾನು ಫೋನ್ ಮಾಡಿದ್ದರು. ಮೊದಲು ನೀವು ನೋಡಿ, ಬೇಡವೆಂದರೆ ಬೇರೆಯವರಿಗೆ ಎಂದರು. ೧೯೬೫ರ ಅಮೆರಿಕದ ಮಾಲು ಎನ್ನುತ್ತಿದ್ದ ಅಮೀರ್. ಆರ್ಕೆಸ್ಟ್ರಾದಲ್ಲಿ ಅವನ ಪಕ್ಕ ನಿಂತು ಹಾಡಿದಷ್ಟು ದಿನ ನಂಬಿದ್ದೆ. ಕೊಳ್ಳುವಾಗ ನಂಬಿಕೆ ಸಾಲದು.

೪ ಫೆಬ್ರುವರಿ, ಸಂಜೆ

ಹರಿಹರಕ್ಕೆ ಟಾರ್ಚು, ಸ್ಕ್ರೂಡ್ರೈವರ್ ಒಯ್ದಿದ್ದೆ. ಕೊಟ್ಟ ಚಹಾ ಆರಿತು. ತಂತಿ ಮೀಟಿದೆ — ಆರೂ ಅರ್ಧ ಸ್ವರ ಕೆಳಗೆ. ಸಡಿಲಾಗಿವೆ ಅಂದುಕೊಂಡೆ. ಪೂರ್ತಿ ಇಳಿಸಿ ಕತ್ತು ಬಿಚ್ಚಿದೆ. ಬುಡದಲ್ಲಿ ಸೀಲು: ೬೫. ಅಸಲಿಯೇ ಅಂದುಕೊಂಡೆ. ಮುಂದಿನ ಫಲಕ ತೆಗೆದೆ. ಒಳಗಿನ ವೈರುಗಳ ಬೆಸುಗೆ ಈಚಿನದು. ಕಪ್ಪು ಬಣ್ಣದ ಕೆಳಗೆ ಇನ್ನೊಂದು ಬಣ್ಣ. ಕತ್ತು ಒಂದರದು, ಒಡಲು ಇನ್ನೊಂದರದು.

ಅಸಲಿ ಅಲ್ಲ ಎಂದೆ.

ಮೆಹರ್ ಬಾನು ಬಿಚ್ಚಿಟ್ಟ ತುಂಡುಗಳನ್ನೇ ನೋಡುತ್ತಿದ್ದರು. ಅಮೀರ್ ಪ್ರತಿ ಶುಕ್ರವಾರ ಒರೆಸಿ, ಶ್ರುತಿ ಮಾಡಿ ಇಡುತ್ತಿದ್ದನಂತೆ. ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಆಮೇಲೆ ಕೇಳಿದರು — ‘ನಿಮ್ಮ ಹಾಡಿಗೆ ಬಾರ್ಸುವಾಗ ಅಸಲಿ ಇತ್ತೇನ್ರಿ, ನಾಗಣ್ಣಾರೆ?’

ನಕ್ಕೆ. ಜೋಡಿಸಿಕೊಟ್ಟೆ. ತಂತಿ ಬಿಗಿಯಲಿಲ್ಲ. ಕೊಳ್ಳದ ವಸ್ತು.

೯ ಫೆಬ್ರುವರಿ

ಪಿ.ಜೆ. ಬಡಾವಣೆ. ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯುತ್ತ ಏನೋ ಗುನುಗಿದೆ. ಮೇಲಿನ ಸ್ವರಕ್ಕೆ ಗಂಟಲು ಏರಲಿಲ್ಲ. ಆರ್ಕೆಸ್ಟ್ರಾದ ದಿನಗಳಲ್ಲೂ ಏರುತ್ತಿರಲಿಲ್ಲ. ಜನಕ್ಕೆ ಗೊತ್ತಾಗದ ಹಾಗೆ ಅಮೀರ್ ಆರೂ ತಂತಿ ಅರ್ಧ ಸ್ವರ ಇಳಿಸುತ್ತಿದ್ದ. ನೀನೂ ಇಳಿಸು ಎಂದು ಕೀಬೋರ್ಡಿನವನಿಗೆ ಕಣ್ಸನ್ನೆ. ನನಗಾಗಿ...

ತಾವಾಗಿ ಸಡಿಲಾದ ತಂತಿ ಆರೂ ಒಂದೇ ಅಳತೆಗೆ ಇಳಿಯುವುದಿಲ್ಲ. ಇಷ್ಟೂ ತಿಳಿಯದೆ ಟಾರ್ಚು ಹಿಡಿದು ಹೋಗಿದ್ದೆ.

ನಾನು ಹಾಡುವುದು ಬಿಟ್ಟು ಎಷ್ಟೋ ವರ್ಷ. ಅವನ ಮನೆಗೆ ಹೋಗುವುದು ಬಿಟ್ಟೂ.

೧೧ ಫೆಬ್ರುವರಿ

ಮತ್ತೆ ಹರಿಹರ. ಗಿಟಾರ್ ಇಲ್ಲ. ಭಾನುವಳ್ಳಿಯ ಬ್ಯಾಂಡಿನವರು ಒಯ್ದರಂತೆ. ಹಳೇ ತಂತಿ ಕಿತ್ತು ಹೊಸದು ಹಾಕಿಕೊಂಡೇ ಹೋದರಂತೆ. ಬಿಚ್ಚಿ ನೋಡಲಿಲ್ಲವೇ ಎಂದು ಕೇಳಿದೆ.

‘ಇಲ್ರಿ. ಒಂದ್ ಹಾಡು ಬಾರ್ಸಿ ನೋಡಿದ್ರು. ತಗೊಂಡ್ರು.’

ಹಿಂತಿರುಗುವಾಗ ಬಸ್ಸಿನಲ್ಲಿ ಉಳಿದರ್ಧ ನೆನಪಾಯಿತು. ಅದಕ್ಕೂ ಮೊದ್ಲು ಒಂದ್ಸಲ ಅದರ ಜೊತೆ ಹಾಡಿ ನೋಡು — ಅಂದಿದ್ದ.

ಅಮೀರ್, ಪ್ರತಿ ಶುಕ್ರವಾರ ನನ್ನ ಗಂಟಲಿಗೇ ಶ್ರುತಿ ಮಾಡಿಡುತ್ತಿದ್ದವನು ನೀನು; ಒಂದು ಸಲ ಬಾ ಅಂದಿದ್ದರೆ... ನಾನು ಬರುತ್ತಿದ್ದೆನಾ?