ಪಟ್ಟಿ ಸಿಗದಾದ ಮೇಲೆ

ಸೊರಬ, ಬುಧವಾರ

ಡಾಕ್ಟರ್ ಚೈತ್ರಶ್ರೀ ಅವರಿಗೆ ಮಾಜಿದಾಳ ನಮಸ್ಕಾರ.

ಅಳಿಯ ಕಲೀಂ ಶಿಕಾರಿಪುರಕ್ಕೆ ಬರುತ್ತಿದ್ದಾನೆ. ಅವನ ಬಾಯಲ್ಲಿ ಹೇಳಿ ಕಳಿಸುವ ವಿಷಯವಲ್ಲವೆಂದು ಬರೆದು ಕೊಟ್ಟಿದ್ದೇನೆ.

ಮುಟ್ಟು ನಿಂತು ಮನಸ್ಸು ಮಂಕಾದಾಗ ನೀವು ಕೊಟ್ಟ, ಹೊಟ್ಟೆಗೆ ಅಂಟಿಸುವ ಹಾರ್ಮೋನ್ ಪಟ್ಟಿ ನನಗೆ ಚೆನ್ನಾಗಿ ಹಿಡಿದಿತ್ತು. ಅದು ಎಲ್ಲಿಯೂ ಸಿಗದಾದಾಗ ಕೈಗೆ ಹಚ್ಚುವ ಜೆಲ್ ಬರೆದಿರಿ. ಎರಡು ತಿಂಗಳಾಯಿತು, ಗುಣ ಕಾಣಲಿಲ್ಲ. ಹೋದ ವಾರ ಮಗಳು ಸಬಿಹಾ ಹೆತ್ತಳು. ಮೊಮ್ಮಗಳನ್ನು ನನ್ನ ಮಡಿಲಿಗೆ ಹಾಕಿದರು. ಕೂಸು ಚೆಂದವಿದೆ ಎಂದು ಕಣ್ಣಿಗೆ ಕಂಡಿತು, ಅಷ್ಟೇ. ಒಳಗೆ ಏನೂ ಆಗಲಿಲ್ಲ. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ.

ಜೆಲ್ಲೂ ಹಿಡಿಯದಿದ್ದರೆ ಮನಸ್ಸಿನ ಮಾತ್ರೆ ಬರೆಯುತ್ತೇನೆ ಎಂದಿದ್ದಿರಿ. ಸ್ವಲ್ಪ ತಡೆಯಿರಿ. ನಿನ್ನೆ ನಾನು ಜೆಲ್ ಹಚ್ಚಿಕೊಂಡು, ಕೂಡಲೇ ನಮಾಜಿಗೆ ವಜೂ ಮಾಡಲು ಮೊಣಕೈವರೆಗೆ ತೊಳೆಯುತ್ತಿದ್ದುದನ್ನು ಸಬಿಹಾ ನೋಡಿದಳು.

“ಅಮ್ಮಿ, ದಿನಾ ಹಿಂಗೇ ಮಾಡ್ತೀಯಾ? ಔಷಧಿ ಪೂರಾ ಬಚ್ಚಲಿಗೆ ಹೋಯ್ತಲ್ಲ! ನಿಂಗಲ್ಲ, ಬಚ್ಚಲಿಗೆ ಹರೆಯ ಬರ್ತದೆ ನೋಡು!”

ತಪ್ಪು ನಿಮ್ಮದಲ್ಲ. ನೀವು ಕೈ ಎಂದಿರಿ, ನಾನು ಮೊಣಕೈ ಕೆಳಗೇ ಹಚ್ಚುತ್ತಾ ಬಂದೆ.

ವಜೂ ನೀರೂ ಮುಟ್ಟದ, ಕೂಸಿನ ಮೈಯೂ ತಾಗದ ಜಾಗ ಯಾವುದೆಂದು ಚೀಟಿಯಲ್ಲಿ ಬರೆದು, ಮಡಚಿ ಕಲೀಮನ ಕೈಗೆ ಕೊಡಿ. ಇನ್ನೊಂದು ತಿಂಗಳು ಜೆಲ್ಲೇ ಇರಲಿ. ಕೂಸು ಮುಖ ನೋಡಿ ನಗುವುದಕ್ಕೆ ಒಂದು ತಿಂಗಳಾದರೂ ಬೇಕಂತೆ. ಅಷ್ಟರೊಳಗೆ ನನಗೆ ಔಷಧಿ ಹಿಡಿಯಬೇಕು.

ಇಂತಿ,
ಮಾಜಿದಾ